ಸಿಕ್ಕಿಬಿದ್ದವರಿಗೊಂದು ಪದ

ಮಾರ್ಚ್ 2

ಪಂಡಿತ ತಮ್ಮನಿಗೆ ಅಕ್ಕ ಬರೆಯುವುದು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮಗಿಬ್ಬರಿಗೂ ಮೂರನೇ ನಿಮಿಷಕ್ಕೆ ಜಗಳ ಹತ್ತಿಕೊಳ್ಳುತ್ತದೆ. ಅಮ್ಮ ಹೋದ ಮೇಲೆ ಈ ನಾಲ್ಕು ವರ್ಷದಲ್ಲಿ ನೆಟ್ಟಗೆ ಮಾತಾಡಿ ಇಟ್ಟ ಫೋನ್ ಒಂದೂ ಇಲ್ಲ. ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡ. ಉಗುರಿನ ಸಂದಿಯ ಗ್ರೀಸು ಹಾಳೆಗೂ ಅಂಟಿದೆ. ನಿನ್ನದು ಗ್ರೀಕು, ನನ್ನದು ಗ್ರೀಸು, ಇಬ್ಬರದೂ ಒಂದು ಸಲ ಅಂಟಿದರೆ ಬಿಡುವುದಿಲ್ಲ ಅಂತ ಅಮ್ಮ ಹೇಳಿಕೊಂಡು ನಗುತ್ತಿದ್ದಳಲ್ಲ.

ನಿನ್ನಿಂದ ಒಂದು ಪದದ ಅರ್ಥ ಬೇಕು. ನನಗಲ್ಲ, ಕೆಲಸದಲ್ಲಿ ಗೊತ್ತಿರುವವರೊಬ್ಬರಿಗೆ. ನಿನ್ನೆ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ ಹಂಚುವ ಮೊದಲು ಪಾಸ್ಟರು ಒಂದು ಭಾಗ ಓದಿದರು. ಯೋಗ್ಯತೆ ಇಲ್ಲದ ರೀತಿಯಲ್ಲಿ ಇದನ್ನು ತಿಂದವರು ಅಪರಾಧಿಗಳು ಎಂಬ ಅರ್ಥದ ಮಾತು. ನೂರು ಸಲ ಕೇಳಿದ್ದೇ. ಆದರೆ ನಿನ್ನೆ ತಟ್ಟೆ ಹತ್ತಿರ ಬಂದಾಗ ಆ ಗೊತ್ತಿರುವವರು ಕೈ ಚಾಚಲಿಲ್ಲ. ಪಕ್ಕದವರಿಗೆ ದಾಟಿಸಿಬಿಟ್ಟರು. ಅಲ್ಲಿ ಮೂಲದಲ್ಲಿ ಇರುವ ಪದ ಯಾವುದು? ಅಪರಾಧಿ ಅಂತಲೇ ಇದೆಯೋ, ಕನ್ನಡಕ್ಕೆ ತರುವಾಗ ನಿಮ್ಮಂಥವರು ಹಾಗೆ ಮಾಡಿಟ್ಟದ್ದೋ?

ಇಲ್ಲಿ ಕೆಲಸದ ಜಾಗ ಸರಿಯಿಲ್ಲ. ನಾವು ಲಿಫ್ಟು ರಿಪೇರಿ ನೋಡಿಕೊಳ್ಳುವ ಐದು ಮಹಡಿಯ ಕಟ್ಟಡವೊಂದರಲ್ಲಿ ಹೋದ ತಿಂಗಳು ರಜಾ ದಿನ ಮಧ್ಯಾಹ್ನ ಕರೆಂಟು ಹೋಗಿ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತುಬಿಟ್ಟಿತು. ಒಳಗೆ ಒಬ್ಬರೇ, ಐದನೇ ಮಹಡಿಯಲ್ಲಿರುವ ನಿವೃತ್ತ ಡ್ರಾಯಿಂಗ್ ಟೀಚರಮ್ಮ. ಅಪಾಯದ ಗಂಟೆ ಒತ್ತಿದರೆ ಗಂಟೆ ಹೊಡೆಯಲಿಲ್ಲ. ಅದರ ಬ್ಯಾಟರಿ ಸತ್ತಿತ್ತು. ಎರಡೂವರೆ ಗಂಟೆ ಕತ್ತಲೆಯಲ್ಲಿದ್ದರು. ಬಾಗಿಲು ಬಡಿದು ಬಡಿದು ಮಣಿಕಟ್ಟು ಮುರಿದಿದೆ. ಮೊದಲೇ ಉಬ್ಬಸ. ಈಗ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ್ದಾರಂತೆ. ತಪಾಸಣೆ ಪುಸ್ತಕದಲ್ಲಿ ಗಂಟೆಯ ಮುಂದೆ 'ಸರಿಯಿದೆ' ಎಂದು ಟಿಕ್ ಬಿದ್ದಿದೆ, ಕೆಳಗೆ ಬೋಲ್ಟಣ್ಣನ ಸಹಿ ಇದೆ. ನನ್ನ ಜೊತೆ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಅವರೇ, ನಿನಗೆ ನೆನಪಿರಬೇಕು. ಇಪ್ಪತ್ತೇಳಕ್ಕೆ ಅವರ ಮೇಲೆ ವಿಚಾರಣೆ. ನಿವೃತ್ತಿಗೆ ಇನ್ನು ಎರಡೇ ವರ್ಷ. ಕೆಲಸ ಹೋಗುವುದು ಗ್ಯಾರಂಟಿ ಅಂತ ಎಲ್ಲರೂ ಗುಸುಗುಸು ಅನ್ನುತ್ತಿದ್ದಾರೆ.

ಇನ್ನೊಂದು ಪ್ರಶ್ನೆ. ಮಾಡದ ಕೆಲಸವನ್ನು ಮಾಡಿದೆ ಅಂತ ಹೇಳಿ, ಅದರಿಂದ ಒಬ್ಬರಿಗೆ ಕೇಡಾದರೆ, ಅಂಥವರಿಗೂ ಅದೇ ಪದವೇನೋ? ಬೇಗ ಬರೆ.

ಅಕ್ಕ


ಮಾರ್ಚ್ 7

ಅಕ್ಕಾ,

ನಿನ್ನ ಕಾಗದ ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು. ನೀನು ಗ್ರೀಕು ಕೇಳುವುದೆಂದರೇನು! ನಮ್ಮ ಬೈಬಲ್ ಅನುವಾದ ಸಮಿತಿಯ ಐವರು ಹದಿನೆಂಟು ದಿನದಿಂದ ಇದೇ ಪದದ ಮೇಲೆ ಕಚ್ಚಾಡುತ್ತಿದ್ದೇವೆ ಅಂದರೆ ನಂಬುತ್ತೀಯಾ?

ಪದ ಎನೊಖೊಸ್. ಬಿಡಿಸಿದರೆ ಎರಡು ತುಂಡು. 'ಎನ್' ಅಂದರೆ ಒಳಗೆ. ಉಳಿದದ್ದು ಹಿಡಿಯುವುದು ಎಂಬ ಕ್ರಿಯಾಪದದಿಂದ ಬಂದದ್ದು. ಒಳಗೆ ಹಿಡಿಯಲ್ಪಟ್ಟವನು, ಅಷ್ಟೇ. ನ್ಯಾಯಾಲಯದವರು ಇದನ್ನು ಎತ್ತಿಕೊಂಡ ಮೇಲೆ ಅಪರಾಧಿ, ಹೊಣೆಗಾರ, ಶಿಕ್ಷೆಗೆ ಗುರಿಯಾದವನು ಎಲ್ಲ ಆಯಿತು. ಇದರ ಚೆಂದ ಎಲ್ಲಿದೆ ಗೊತ್ತೇ? ಇದರ ಜೊತೆಗೆ ಅಪರಾಧದ ಹೆಸರು ಬರಬಹುದು, ನ್ಯಾಯಸ್ಥಾನದ ಹೆಸರು ಬರಬಹುದು, ಶಿಕ್ಷೆಯ ಹೆಸರೂ ಬರಬಹುದು. ಯಾವುದು ಹಿಡಿದಿದೆಯೋ ಅದರ ಹೆಸರು.

ಅಧ್ಯಕ್ಷರಿಗೆ 'ಅಪರಾಧಿ'ಯೇ ಆಗಬೇಕು. ವ್ಯಾಕರಣದ ಮೇಷ್ಟ್ರಿಗೆ 'ಹೊಣೆ' ಬೇಕು. ಮೊನ್ನೆ ಅವರಿಬ್ಬರೂ ಟೀ ಲೋಟವನ್ನು ಮೇಜಿಗೆ ಕುಟ್ಟಿದ ರಭಸಕ್ಕೆ ನನ್ನ ಹಾಳೆಗಳೆಲ್ಲ ತೊಯ್ದು ತೊಪ್ಪೆಯಾದವು. ನಿನ್ನ ಪರಿಚಯದವರಿಗೆ ಹೇಳು: ಆ ಮಾತು ಬಂದಿರುವುದು ಹಂಚಿಕೊಂಡು ತಿನ್ನಬೇಕಾದ ಊಟದಲ್ಲಿ ಹಸಿದವರನ್ನು ಬಿಟ್ಟು ತಾವೇ ತಿಂದು ಮುಗಿಸುತ್ತಿದ್ದವರ ಬಗ್ಗೆ. ಹೆದರಿ ತಟ್ಟೆ ದಾಟಿಸಿದವರ ಬಗ್ಗೆ ಅಲ್ಲ.

ಬೋಲ್ಟಣ್ಣನವರ ಸುದ್ದಿ ಕೇಳಿ ಬೇಸರವಾಯಿತು. ಆದರೆ ನೋಡದೆ ಸಹಿ ಹಾಕಿದರೆ ಯಾರೇನು ಮಾಡುವುದಕ್ಕಾಗುತ್ತದೆ? ಮಾಡಿದ್ದುಣ್ಣೋ ಮಹರಾಯ.

ನಿನ್ನ ಕೊನೆಯ ಪ್ರಶ್ನೆಗೆ ಇನ್ನೊಂದು ಸಲ ಬರೆಯುತ್ತೇನೆ, ಈಗ ಸಭೆಗೆ ಹೊತ್ತಾಯಿತು. ಅಂದಹಾಗೆ, ಅದನ್ನು ಯಾಕೆ ಕೇಳಿದೆ?

ತಮ್ಮ


ಮಾರ್ಚ್ 11

ತಮ್ಮಾ,

ನಿನ್ನ ಗಾದೆಯನ್ನು ಮೂರು ಸಲ ಓದಿದೆ. ಮಾಡಿದ್ದುಣ್ಣೋ ಮಹರಾಯ. ಆದರೆ ಮಾಡಿದವರೊಬ್ಬರು, ಉಣ್ಣುವವರೊಬ್ಬರು ಆದರೆ?

ಟೀಚರಮ್ಮನ ಮೂಗಿನ ನಳಿಗೆ ತೆಗೆದು ಮತ್ತೆ ಹಾಕಿದ್ದಾರೆ. ಬೋಲ್ಟಣ್ಣ ಕೆಲಸಕ್ಕೆ ಬರುತ್ತಾರೆ, ಡಬ್ಬಿ ತೆಗೆದು ಊಟ ಮಾಡುತ್ತಾರೆ, ಕೈ ತೊಳೆಯುತ್ತಾರೆ. ಏನೂ ಹೇಳುವುದಿಲ್ಲ. ನಾನು ಕೇಳಿದರೆ "ನೋಡೋಣ ಬಿಡಮ್ಮ" ಅನ್ನುತ್ತಾರೆ. ಅವರು ಒಂದು ಸಲ ಬೈದಿದ್ದರೂ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. (ಮೇಲಿನ ಸಾಲು ಓದಬೇಡ. ಕಾಟು ಹೊಡೆಯೋಣವೆಂದರೆ ಹಾಳೆ ಹರಿಯುತ್ತದೆ.)

ನಿನ್ನ ಪದ ನಮ್ಮ ಕೆಲಸದಲ್ಲೂ ಇದೆಯಲ್ಲೋ. ಕಳ್ಳ ಸಿಕ್ಕಿಬಿದ್ದ ಅನ್ನುತ್ತೇವೆ. ಲಿಫ್ಟಿನಲ್ಲಿ ಟೀಚರಮ್ಮ ಸಿಕ್ಕಿಬಿದ್ದರು ಅಂತಲೂ ಅನ್ನುತ್ತೇವೆ. ಒಬ್ಬ ಮಾಡಿದವನು, ಇನ್ನೊಬ್ಬರು ಏನೂ ಮಾಡದೆ ತಮ್ಮ ಪಾಡಿಗೆ ಮನೆಗೆ ಹೊರಟವರು. ಇಬ್ಬರಿಗೂ ಒಂದೇ ಮಾತು. ನಿಮ್ಮ ಐದು ಜನ ಲೋಟ ಕುಟ್ಟುವ ಬದಲು ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ನೋಡಿ, ಪದ ತಾನಾಗಿ ಬರುತ್ತದೆ.

ಆದರೆ ಒಂದು ಅರ್ಥವಾಗಲಿಲ್ಲ. ಹಿಡಿಯಲ್ಪಟ್ಟವನು ಅಂದೆ. ಹಿಡಿದವರು ಯಾರು? ಅದನ್ನು ಆ ಪದ ಹೇಳುವುದಿಲ್ಲವೋ?

ಕೊನೆಯ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಯಾಕೆ ಕೇಳಿದೆ ಅಂತ ನನ್ನನ್ನೇ ಕೇಳುತ್ತೀಯ. ಯಾಕೆ ಅಂತ ನಿನಗೆ ಗೊತ್ತಿರಬೇಕು ತಮ್ಮಾ. ನನ್ನ ಹೊಟ್ಟೆಯಲ್ಲಿರುವುದು ಬಾಯಿಗೆ ಬರುವ ಮುಂಚೆ ಗೊತ್ತಾಗುವುದು ನಿನಗೊಬ್ಬನಿಗೇ ಅಲ್ಲವೇ? ನಾನಾಗಿ ಬಾಯಿಬಿಟ್ಟು ಹೇಳಲಾರೆ. ಊಟ ಸೇರುತ್ತಿಲ್ಲ. ನಿನ್ನ ಭಾವ ಡಾಕ್ಟರ ಹತ್ತಿರ ಹೋಗೋಣ ಅಂತ ಪ್ರಾಣ ತಿನ್ನುತ್ತಿದ್ದಾರೆ.

ಅಕ್ಕ


ಮಾರ್ಚ್ 15

ಅಕ್ಕಾ,

ನಿನಗೆ ಗೊತ್ತಾಗಿದೆ. ಯಾರು ಹೇಳಿದರೋ ತಿಳಿಯದು. ನಮ್ಮ ಕಾಲೇಜಿನ ಕಚೇರಿಯ ಗುಮಾಸ್ತರು ನಿಮ್ಮ ಕಡೆ ಬಂದಿದ್ದರಂತೆ, ಅವರೇ ಇರಬೇಕು. ಮಾಡದ ಕೆಲಸವನ್ನು ಮಾಡಿದೆ ಅಂತ ಹೇಳಿದವರು ಎಂದು ನೀನು ಬರೆದಾಗಲೇ ಇದು ನನ್ನ ವಿಷಯವೇ ಅಂದುಕೊಂಡೆ. ಪದದ ಅರ್ಥ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ನೀನು ಬಿಡಲಿಲ್ಲ. ಬಿಡದಿದ್ದದ್ದು ಒಳ್ಳೆಯದೇ ಆಯಿತು.

ಅಮ್ಮ ಹಾಸಿಗೆ ಹಿಡಿದಾಗ ಆ ಭಾನುವಾರ ನೀನು ಮತ್ತೆ ಫೋನ್ ಮಾಡಿ ಬಾ ಅಂದೆ. ಆಮೇಲೆ ಅಮ್ಮನೇ ಫೋನ್ ತೆಗೆದುಕೊಂಡು "ಬಂದು ಹೋಗೋ ಮಗಾ" ಅಂದಳು. ರಜೆ ಕೇಳಿದೆ, ಕೊಡಲಿಲ್ಲ ಅಂದೆ. ಮಂಗಳವಾರ ಅವಳು ಹೋದಳು.

ನಾನು ರಜೆ ಕೇಳಿರಲೇ ಇಲ್ಲ ಅಕ್ಕ.

ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆಗ ಒಂದು ಅಧ್ಯಾಯ ಮುಗಿಸಿ ಕೊಡಬೇಕಿತ್ತು. ಅಮ್ಮನಿಗೆ ಇಂಥ ಜ್ವರ ಎಷ್ಟು ಸಲ ಬಂದು ಹೋಗಿಲ್ಲ, ಮುಂದಿನ ವಾರ ಹೋದರಾಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದೂ ಅಲ್ಲ. ಅವಳನ್ನು ಹಾಗೆ ಮಲಗಿದ್ದು ನೋಡಲು ನನಗೆ ಭಯವಿತ್ತು. ಮಣ್ಣಿಗೆ ಬಂದಾಗ ನೀನು ಎಲ್ಲರ ಮುಂದೆ "ಅವ್ನಿಗೆ ರಜಾ ಕೊಡ್ಲಿಲ್ಲ ಪಾಪ" ಅಂತ ನನ್ನ ಪರ ವಹಿಸಿ ಮಾತಾಡಿದೆ. ಅಲ್ಲಿಂದ ಇಲ್ಲಿಯವರೆಗೆ ನಾನು ನಿನ್ನ ಮುಖವನ್ನು ನೆಟ್ಟಗೆ ನೋಡಿಲ್ಲ. ಫೋನಿನಲ್ಲಿ ಜಗಳ ತೆಗೆಯುವವನು ನಾನೇ. ಜಗಳವಾದರೆ ಬೇಗ ಇಡಬಹುದಲ್ಲ.

ನಿನಗೆ ಬೇಕಾದ್ದು ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ತಮ್ಮ


ಮಾರ್ಚ್ 22

ಅಕ್ಕಾ,

ಏಳು ದಿನವಾಯಿತು. ಪೋಸ್ಟಿನವರು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರೆ ನಾನು ಎದ್ದು ನಿಲ್ಲುತ್ತೇನೆ, ಅವರು ತಲೆ ಆಡಿಸಿ ಹೋಗುತ್ತಾರೆ. ನಿನ್ನೆ ಪಾಪ, "ನಾನೇ ಒಂದು ಬರ್ದು ತಂದ್ಕೊಡ್ಲಾ ಸಾರ್?" ಅಂದರು. ಎರಡು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ಅದೂ ಗೊತ್ತಿಲ್ಲ.

ನಿನ್ನ ಮೌನಕ್ಕೆ ನಾನು ಲಾಯಕ್ಕು. ಆದರೂ ಹಿಡಿದವರು ಯಾರು ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಹುಡುಕಿದೆ. ಮೇಜಿನ ಮುಂದೆ ಕೂತು ಬೇರೆ ಏನನ್ನೂ ಮಾಡಲಾಗುತ್ತಿಲ್ಲ.

ಪದ ಹಿಡಿದವರ ಹೆಸರು ಹೇಳುವುದಿಲ್ಲ. ಆದರೆ ಎರಡು ಕಡೆ ನೋಡಿ ನಾನು ಪೆನ್ನು ಕೆಳಗಿಟ್ಟೆ. ಯೇಸುವನ್ನು ವಿಚಾರಣೆಗೆ ನಿಲ್ಲಿಸಿ ಇವನು ಸಾವಿಗೆ ತಕ್ಕವನು ಅಂತ ತೀರ್ಪು ಕೊಟ್ಟರಲ್ಲ, ಅಲ್ಲಿರುವುದೂ ಎನೊಖೊಸ್. ಯಾವ ತಪ್ಪೂ ಮಾಡದವನ ಮೇಲೆ ಅದೇ ಪದ. ಇನ್ನೊಂದು ಕಡೆ, ಸಾವಿನ ಭಯಕ್ಕೆ ಬದುಕಿಡೀ ಗುಲಾಮರಾಗಿ ಇದ್ದವರನ್ನು ಬಿಡಿಸಲು ಅವನು ಬಂದ ಅಂತ ಬರುತ್ತದೆ. ಆ ಗುಲಾಮರಿಗೂ ಅದೇ ಪದ. ಅಲ್ಲಿ ಹಿಡಿದಿರುವುದು ಭಯ. ಇಪ್ಪತ್ತು ವರ್ಷದಿಂದ ರೊಟ್ಟಿಯ ಮಾತೂ ಸೇರಿ ಈ ಮೂರನ್ನೂ ಬೇರೆ ಬೇರೆ ಪಾಠ ಮಾಡಿದ್ದೇನೆ. ಒಂದೇ ಪದ ಅಂತ ಹುಡುಗರಿಗೆ ಹೇಳಿಯೂ ಇದ್ದೇನೆ. ಕಾಣಿಸಿರಲಿಲ್ಲ.

ಐದು ದಿನಕ್ಕೆ ನಿಮ್ಮ ಬೋಲ್ಟಣ್ಣನವರ ವಿಚಾರಣೆ. ಅವರ ಬಗ್ಗೆ ಅಷ್ಟು ಹಗುರವಾಗಿ ಗಾದೆ ಬರೆದೆನಲ್ಲ, ನಾಚಿಕೆಯಾಗುತ್ತಿದೆ. ಹೇಗಿದ್ದಾರೆ ಅಂತ ಅದನ್ನಾದರೂ ಒಂದು ಸಾಲು ಬರೆ.

ತಮ್ಮ


ಮಾರ್ಚ್ 28

ತಮ್ಮಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡೆಯಲ್ಲೋ ದಡ್ಡ! ನಾನು ಕೇಳಿದ್ದು ನಿನ್ನ ವಿಷಯವೇ ಅಲ್ಲ. ನಿಮ್ಮ ಗುಮಾಸ್ತರು ಕಪ್ಪಗೋ ಬೆಳ್ಳಗೋ ನಾನು ಕಂಡಿಲ್ಲ. ತಟ್ಟೆ ದಾಟಿಸಿದ ಆ ಗೊತ್ತಿರುವವರು ನಾನೇ.

ಆ ಪುಸ್ತಕದಲ್ಲಿ ಹನ್ನೊಂದು ಸಾಲು. ಮೇಲಿನ ಮೋಟಾರು ಕೋಣೆ ಬೋಲ್ಟಣ್ಣನದು, ಲಿಫ್ಟಿನ ಒಳಗಿನದೆಲ್ಲ ನನ್ನದು. ಗಂಟೆ ಹನ್ನೊಂದನೆಯದು. ಹನ್ನೆರಡು ವರ್ಷದಿಂದ ಒತ್ತುತ್ತಿದ್ದೇನೆ, ಒಂದು ದಿನವೂ ಹೊಡೆಯದೆ ಇದ್ದದ್ದಿಲ್ಲ. ಆವತ್ತು ತಲೆನೋವು, ಇನ್ನೂ ಮೂರು ಕಟ್ಟಡ ಬಾಕಿ. ಒತ್ತಲಿಲ್ಲ. ಹೊರಗೆ ಬಂದು ಟೀ ಕುಡಿಯುತ್ತಾ ಮೇಲಿಂದ ಕೆಳಗೆ ಸರಸರ ಟಿಕ್ ಹಾಕಿದೆ. ಸಹಿ ಹಾಕುವಾಗ ನೋಡಿಕೊಂಡರೆ ಕೈ ತುಂಬ ಗ್ರೀಸು, ಹಾಳೆ ಕೊಳೆಯಾಗಿತ್ತು. "ನೀವೇ ಹಾಕ್ಬಿಡಿ ಅಣ್ಣಾ" ಅಂದೆ. ನನ್ನ ಮುಖ ನೋಡಿ ಹಾಕಿದರು. ಪುಸ್ತಕ ನೋಡಲಿಲ್ಲ. ಅಷ್ಟೇ ಕಥೆ. ಇಷ್ಟು ಸಣ್ಣದು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು.

ನಿನ್ನೆ ವಿಚಾರಣೆ. ನನ್ನನ್ನು ಪುಸ್ತಕ ಹಿಡಿದುಕೊಂಡು ಬಂದು ಗೋಡೆ ಪಕ್ಕ ಕೂರಲು ಹೇಳಿದ್ದರು. ಅಧಿಕಾರಿ ಬೋಲ್ಟಣ್ಣನಿಗೆ ಸಹಿ ತೋರಿಸಿ "ಇದು ನಿಮ್ಮದೇನಾ?" ಅಂದರು.

"ನಂದೇ ಸಾರ್."

"ಗಂಟೆ ಒತ್ತಿ ನೋಡಿದ್ರಾ?"

ಬೋಲ್ಟಣ್ಣ ನನ್ನ ಕಡೆ ತಿರುಗಲಿಲ್ಲ. "ನೆನಪಿಲ್ಲ ಸಾರ್" ಅಂದರು. ಮೂವತ್ತು ವರ್ಷದ ಹಿಂದೆ ಯಾವ ಲಿಫ್ಟಿಗೆ ಯಾವ ಹಗ್ಗ ಹಾಕಿದ್ದು ಅಂತ ಹೇಳುವ ಮನುಷ್ಯ! ನಾನು ಎದ್ದುಬಿಟ್ಟೆ.

"ಒತ್ತಬೇಕಾಗಿದ್ದೋಳು ನಾನು ಸಾರ್. ಒತ್ಲಿಲ್ಲ."

"ಕೂತ್ಕೊಳ್ಳಿ. ನಿಮ್ಮನ್ನ ಕೇಳ್ದಾಗ ಹೇಳಿ."

"ಕೇಳೋಕೆ ನಿಮ್ಮ ಪಟ್ಟೀಲಿ ನಾನೇ ಇಲ್ವಲ್ಲ ಸಾರ್!"

ಒಬ್ಬರು ಕೆಮ್ಮಿದರು, ಒಬ್ಬರು ನಕ್ಕರು. ಆಮೇಲೆ ಎಲ್ಲವನ್ನೂ ಬರೆದುಕೊಂಡರು. ಇನ್ನು ಒಂದು ವರ್ಷ ನಾನು ಲಿಫ್ಟ್ ಮುಟ್ಟುವ ಹಾಗಿಲ್ಲ. ಗೋದಾಮಿನಲ್ಲಿ ಸಾಮಾನು ಜೋಡಿಸಬೇಕು. ಆಮೇಲೆ ಮತ್ತೆ ಪರೀಕ್ಷೆ ಕೊಟ್ಟು ಬರಬೇಕು. ಬೋಲ್ಟಣ್ಣನಿಗೆ ನೋಡದೆ ಸಹಿ ಹಾಕಿದ್ದಕ್ಕೆ ಲಿಖಿತ ಎಚ್ಚರಿಕೆ, ಕೆಲಸ ಉಳಿಯಿತು. ಮೆಟ್ಟಿಲು ಇಳಿಯುವಾಗ ಅವರ ಮೇಲೆ ರೇಗಿದೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಅಂತ.

"ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದೆ ಅಂತಿದ್ರು" ಅಂದರು. "ನೀನೇ ಹೇಳಿದ್ರೆ ಒಪ್ಕೊಂಡೆ ಅಂತಾರೆ. ಆದ್ರೂ ಕೊನೇ ಕ್ಷಣದವರೆಗೂ ಕಾಯಿಸಿಬಿಟ್ಟೆಯಲ್ಲಮ್ಮ, ನನ್ನ ಜೀವ ಬಾಯಿಗೆ ಬಂದಿತ್ತು."

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ. ಟೀಚರಮ್ಮ ದಿಂಬಿಗೆ ಒರಗಿ ಕೂತಿದ್ದರು, ಬಲಗೈಗೆ ಪ್ಲಾಸ್ಟರು. ನಳಿಗೆ ತೆಗೆದಿದ್ದಾರೆ, ಸೋಮವಾರ ಮನೆಗೆ. ಲಿಫ್ಟಿನವಳು ಅಂದ ತಕ್ಷಣ ಅವರು ಕೇಳಿದ್ದು ಏನು ಗೊತ್ತೇ? "ಅಮ್ಮಾ, ಗಂಟೆ ಗುಂಡಿ ಕೆಂಪುದೋ ಹಳದೀದೋ? ನನ್ನ ಹತ್ರ ಕನ್ನಡಕ ಇರ್ಲಿಲ್ಲ. ತಪ್ಪು ಗುಂಡಿ ಒತ್ಬಿಟ್ಟೆ, ನನ್ನ ತಪ್ಪಿಗೆ ನಿಮ್ಮೋರ ಕೆಲಸ ಹೋಗುತ್ತಂತೆ."

ಒಂದು ತಿಂಗಳು ತಮ್ಮಾ! ಮುರಿದ ಕೈ ಇಟ್ಟುಕೊಂಡು ಅವರು ಇದನ್ನು ಹೊತ್ತುಕೊಂಡು ಮಲಗಿದ್ದರು. ನಾನು ನನ್ನ ಊಟ ಸೇರುತ್ತಿಲ್ಲ ಅಂತ ನಿನಗೆ ಬರೆಯುತ್ತಿದ್ದೆ. ಆ ಆಸ್ಪತ್ರೆ ನಮ್ಮ ಮನೆಗೆ ಎರಡು ಬಸ್ ಸ್ಟಾಪು.

ಹೇಳಿದೆ. ನೀವು ಯಾವ ಗುಂಡಿಯನ್ನು ನೂರು ಸಲ ಒತ್ತಿದ್ದರೂ ಗಂಟೆ ಹೊಡೆಯುತ್ತಿರಲಿಲ್ಲ, ಬ್ಯಾಟರಿ ಸತ್ತಿತ್ತು, ತಪ್ಪು ನನ್ನದು ಅಂತ. ಅವರು ಎಡಗೈಯಿಂದ ಹೊದಿಕೆ ಎಳೆದುಕೊಂಡರು. ಆಮೇಲೆ "ಈಗ ಹೋಗಮ್ಮ. ಇನ್ನೊಂದಿನ ಬಾ, ಬೈಬೇಕು ನಿನ್ನ" ಅಂದರು. ಹೋಗುತ್ತೇನೆ.

ಈಗ ನಿನ್ನದು.

ನಿನ್ನ ಕಾಗದ ಓದಿ ಸಿಟ್ಟು ಬಂದು ಸುಮ್ಮನಾದೆ ಅಂತ ನೀನು ತಿಳಿದಿರುತ್ತೀಯ. ಅದಲ್ಲ. ನಿನ್ನದು ನನಗೆ ಮೊದಲೇ ಗೊತ್ತಿತ್ತು. ಆ ಭಾನುವಾರ ಫೋನ್ ಇಟ್ಟ ತಕ್ಷಣ ಅಮ್ಮ ಹೇಳಿದಳು: "ಇವ್ನು ರಜಾ ಕೇಳಿಲ್ಲ ಕಣೇ. ಸುಳ್ಳು ಹೇಳೋ ಮುಂಚೆ ಕೆಮ್ತಾನೆ, ಚಿಕ್ಕೋನಿದ್ದಾಗ್ಲಿಂದ್ಲೂ. ನೀನೇನೂ ಕೇಳ್ಬೇಡ. ಅವ್ನಿಗೆ ಭಯ. ಒಂದಿನ ಅವ್ನೇ ಹೇಳ್ತಾನೆ, ಹೇಳಿದ್ರೆ ಆಯ್ತು ಬಿಡು ಅನ್ನು." ಮಂಗಳವಾರ ಅವಳು ಹೋಗುವಾಗ ನಿನ್ನ ಮೇಲೆ ಬೇಜಾರಿರಲಿಲ್ಲ. ಇದನ್ನು ನಾನು ನಿನಗೆ ಹೇಳಬೇಕಿತ್ತು.

ಹೇಳಲಿಲ್ಲ. ನಾನೊಬ್ಬಳೇ ಅವಳ ಬಾಯಿಗೆ ನೀರು ಬಿಟ್ಟವಳು, ನೀನು ಅಲ್ಲಿ ಹಾಳೆ ತಿರುಗಿಸುತ್ತಿದ್ದೆ. ಅನುಭವಿಸಲಿ ಅನ್ನಿಸಿತು. ಮಣ್ಣಿನಲ್ಲಿ ಎಲ್ಲರ ಮುಂದೆ ರಜೆ ಕೊಡಲಿಲ್ಲ ಪಾಪ ಅಂದದ್ದು ನಿನ್ನ ಪರ ವಹಿಸಿ ಅಲ್ಲ, ಚುಚ್ಚಲು. ಆಮೇಲಿನ ಪ್ರತಿ ಫೋನಿನಲ್ಲೂ ನೀನು ಹೇಳುತ್ತೀಯೇನೋ ಅಂತ ಕಾಯುವುದು, ಹೇಳದಿದ್ದರೆ ಜಗಳ. ಹಿಡಿದವರು ಯಾರು ಅಂತ ಕೇಳಿದೆನಲ್ಲ ತಮ್ಮಾ, ನಿನ್ನನ್ನು ನಾಲ್ಕು ವರ್ಷ ಹಿಡಿದಿಟ್ಟವಳು ನಾನೇ.

ಸಿಟ್ಟು ಪೂರ್ತಿ ಹೋಗಿದೆ ಅಂತ ಹೇಳಿದರೆ ಅದೂ ನೋಡದೆ ಟಿಕ್ ಹಾಕಿದ ಹಾಗೆ. ಆದರೆ ನಿಂತ ಲಿಫ್ಟಿನ ಬಾಗಿಲನ್ನು ಹೊರಗಿನಿಂದ ಕೀಲಿ ತಿರುಗಿಸಿ ತೆಗೆಯಬೇಕು, ಒಳಗಿರುವವರು ಎಷ್ಟು ಬಡಿದರೂ ಆಗುವುದಿಲ್ಲ. ಕೀಲಿ ಅಮ್ಮ ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದಳು. ಈಗ ತೆಗೆದಿದ್ದೇನೆ. ನೀನು ಹೇಳಿದೆ, ಆಯಿತು ಬಿಡು.

ಅಕ್ಕ


ಏಪ್ರಿಲ್ 2

ಅಕ್ಕಾ,

ನಾನು ಕೆಮ್ಮುತ್ತೇನೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಿನ್ನ ಕಾಗದವನ್ನು ಕೈತೋಟದ ಬೆಂಚಿನ ಮೇಲೆ ಕೂತು ಓದಿದೆ. ಪೋಸ್ಟಿನವರು ಹೋಗದೆ ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿ "ಒಳ್ಳೇ ಸುದ್ದಿ ತಾನೇ ಸಾರ್?" ಅಂದರು. ಹೌದು ಅಂದೆ, ಅಳುತ್ತಾ. ಅಮ್ಮನಿಗೆ ಗೊತ್ತಿತ್ತು ಅನ್ನುವುದು ಇನ್ನೂ ಪೂರ್ತಿ ಒಳಗೆ ಇಳಿದಿಲ್ಲ. ನಿನ್ನ ಮೇಲೆ ಕೋಪ ಬರಬೇಕಿತ್ತು, ಸ್ವಲ್ಪ ಬಂತು ಕೂಡ. ಬಂದಾಗ ಜಗಳವಾಡೋಣ, ಆದರೆ ಫೋನಿನಲ್ಲಿ ಬೇಡ.

ಸಮಿತಿಯಲ್ಲಿ ನಿನ್ನ ಲಿಫ್ಟಿನ ಮಾತು ಇಟ್ಟೆ. ಅಧ್ಯಕ್ಷರು "ಗ್ರಂಥಕ್ಕೆ ರಿಪೇರಿ ಅಂಗಡಿ ಭಾಷೆ ತರ್ತೀರಾ?" ಅಂದರು. ರೊಟ್ಟಿಯ ಮಾತಿನಲ್ಲಿ 'ಅಪರಾಧಿ' ಹಾಗೇ ಉಳಿಯಿತು, ಅಡಿಟಿಪ್ಪಣಿ ಬರೆಯಲು ಒಪ್ಪಿದರು. ಆದರೆ ಭಯದ ಸಾಲಿಗೆ ಬಂದಾಗ ವ್ಯಾಕರಣದ ಮೇಷ್ಟ್ರು ಕನ್ನಡಕ ತೆಗೆದು, "ಸಿಕ್ಕಿಕೊಂಡಿದ್ದವರು ಅಂತಲೇ ಹಾಕಿ. ನನಗೆ ಅದು ಗೊತ್ತು" ಅಂದರು. ಏನು ಗೊತ್ತು ಅಂತ ಯಾರೂ ಕೇಳಲಿಲ್ಲ. ಹಾಗೆ ನಿನ್ನ ಪದ ಒಂದು ಕಡೆ ಒಳಗೆ ಹೋಯಿತು.

ಮುಂದಿನ ವಾರ ಶುಕ್ರವಾರ ಸಂಜೆ ಬರುತ್ತೇನೆ. ಮೊದಲು ಅಮ್ಮನ ಸಮಾಧಿ ಹತ್ತಿರ ಹೋಗೋಣ. ಆಮೇಲೆ ಬೈಸಿಕೊಳ್ಳಲು ಟೀಚರಮ್ಮನ ಮನೆಗೆ ಹೋಗುವಾಗ ನಾನೂ ಜೊತೆಗೆ ಬರುತ್ತೇನೆ. ಐದು ಮಹಡಿ ಹತ್ತಿಯೇ ಹೋಗೋಣ.

ರಜೆಗೆ ಈ ಸಲ ನಿಜವಾಗಿ ಕೇಳಿದೆ. ನಿನ್ನೆ ಪ್ರಾಂಶುಪಾಲರ ಬಾಗಿಲ ಮುಂದೆ ಹತ್ತು ನಿಮಿಷ ನಿಂತಿದ್ದೆ. ಆಗ ಇದ್ದವರೂ ಇವರೇ. ಒಳಗೆ ಹೋಗಿ ನಾಲ್ಕು ದಿನ ಬೇಕು ಅಂದೆ. ಅವರು ಓದುತ್ತಿದ್ದ ಹಾಳೆಯಿಂದ ತಲೆ ಕೂಡ ಎತ್ತದೆ "ಹೋಗ್ಬನ್ನಿ, ಅದಕ್ಕೇನು" ಅಂದರು. ಅರ್ಧ ನಿಮಿಷವೂ ಹಿಡಿಯಲಿಲ್ಲ ಅಕ್ಕ.

ತಮ್ಮ